ಮಗಳ ನಾಟಕಪರೀಕ್ಷೆ

ಮೂವತ್ತೈದು ವರ್ಷಗಳ ಕಾಲ ಮಕ್ಕಳನ್ನು ಪರೀಕ್ಷೆಗೆ ಸಿದ್ಧಪಡಿಸುವುದೇ ನಮ್ಮ ವೃತ್ತಿಯಾಗಿತ್ತು. ಶಬ್ದರೂಪ, ಧಾತುರೂಪ, ಸಂಧಿ, ಸಮಾಸ ಇವುಗಳಲ್ಲಿ ಯಾವ ಪ್ರಶ್ನೆ ಬರಬಹುದು, ಅದಕ್ಕೆ ಎಷ್ಟು ಅಂಕ, ಎಲ್ಲಿ ಹುಡುಗರು ತಪ್ಪುವರು ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆವು. ಹೀಗಿದ್ದೂ 2023ರಲ್ಲಿ ನಿವೃತ್ತರಾದ ಮರುವರ್ಷವೇ ನಮ್ಮ ಸ್ವಂತ ಮಗಳನ್ನು ಒಂದು ಪರೀಕ್ಷೆಗೆ ಸಿದ್ಧಪಡಿಸಬೇಕಾಗಿ ಬಂದಾಗ ನಾವು ಅನುತ್ತೀರ್ಣರಾದೆವು. ಪರೀಕ್ಷೆಗೆ ಕುಳಿತವಳು ಮಗಳಲ್ಲವೇ, ಅನುತ್ತೀರ್ಣರಾದವರು ನೀವು ಹೇಗೆ ಎಂದು ವಾಚಕರು ಕೇಳಬಹುದು. ಅದನ್ನು ವಿವರಿಸುವುದಕ್ಕಾಗಿಯೇ ಈ ಲೇಖನ. ಇಂತಹ ಆಸೆಯುಳ್ಳ ಮಕ್ಕಳು ಈಗ ಅನೇಕ ಮನೆಗಳಲ್ಲಿರುವುದರಿಂದ ನಮ್ಮ ಅನುಭವವು ಒಬ್ಬಿಬ್ಬರಿಗಾದರೂ ಪ್ರಯೋಜನವಾದೀತೆಂದು ನಂಬಿದ್ದೇವೆ.

ನಮ್ಮ ವಾಸ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ. ಮಗಳು ಹಾಸನದಲ್ಲಿ ಬಿ.ಎ. ಮುಗಿಸಿ ಮನೆಗೆ ಬಂದಿದ್ದಳು. ಆಕೆಗೆ ಬಿ.ಎಡ್. ಕೊಡಿಸಿ, ನಮ್ಮಂತೆಯೇ ಒಂದು ಶಾಲೆಯಲ್ಲಿ ನೆಲೆಗೊಳಿಸಬೇಕೆಂಬುದು ನಮ್ಮ ಸಂಕಲ್ಪ. ಯುಗಾದಿ ಕಳೆದ ಒಂದು ರಾತ್ರಿ ಊಟವಾದ ಮೇಲೆ ನಾವು ಅಡಕೆಲೆ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಾಗ, ಆಕೆ ಬಾಗಿಲಿಗೆ ಒರಗಿ ನಿಂತು ಮೆಲ್ಲನೆ ಹೇಳಿದಳು:

"ಅಪ್ಪ, ನಾನು ಬಿ.ಎಡ್.ಗೆ ಅರ್ಜಿ ಹಾಕುವುದಿಲ್ಲ. ನಾಟಕ ಕಲಿಯಬೇಕು. ರಂಗಶಾಲೆಗೆ ಹೋಗುತ್ತೇನೆ."

ನಮ್ಮ ಮನೆಯವರು ಒಲೆಯ ಮೇಲಿನ ಹಾಲನ್ನು ನೋಡಿ ಬರುತ್ತೇನೆಂದು ಒಳಗೆ ಹೋದರು. ಒಲೆಯ ಮೇಲೆ ಹಾಲಿರಲಿಲ್ಲವೆಂಬುದು ನಮಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

ನಾಟಕವೆಂದರೆ ನಮ್ಮ ಕಡೆಯ ಗೃಹಸ್ಥರಿಗೆ ಒಂದು ವಿಚಿತ್ರವಾದ ದ್ವಂದ್ವಭಾವವುಂಟು. ಜಾತ್ರೆಯ ಕಾಲದಲ್ಲಿ ಊರಿನವರು ಕುರುಕ್ಷೇತ್ರ ನಾಟಕವಾಡಿದರೆ ಬೆಳಗಿನವರೆಗೆ ಕಂಬಳಿ ಹೊದ್ದು ಕುಳಿತು ನೋಡುವರು. ಭೀಮನ ಪಾತ್ರಕ್ಕೆ ಹಾರ ಹಾಕುವರು. ಕೃಷ್ಣನ ಕಂದಪದ್ಯಕ್ಕೆ ಒನ್ಸ್‌ಮೋರ್ ಕೂಗುವರು. ಆದರೆ ತಮ್ಮ ಮನೆಯ ಮಗುವೊಂದು ಅದನ್ನೇ ಜೀವನವೃತ್ತಿಯಾಗಿ ಹಿಡಿಯುತ್ತೇನೆಂದರೆ ಮುಖ ಸಪ್ಪಗಾಗುವುದು. ಈ ಭಾವವು ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಬಸಪ್ಪಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿ ರಂಗಕ್ಕೆ ತಂದಾಗ ಪಂಡಿತರು ಅದನ್ನು ಕೊಂಡಾಡಿದರು. ಗುಬ್ಬಿ ವೀರಣ್ಣನವರ ಕಂಪೆನಿಯು 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಕುರುಕ್ಷೇತ್ರವನ್ನಾಡಿದಾಗ ನಾಡೇ ನಿಬ್ಬೆರಗಾಯಿತು. ಅಷ್ಟಾದರೂ ಕಂಪೆನಿ ಸೇರಿದ ಹುಡುಗನನ್ನು ಮನೆ ಬಿಟ್ಟು ಓಡಿಹೋದವರ ಲೆಕ್ಕಕ್ಕೇ ಸೇರಿಸುತ್ತಿದ್ದರು.

ಹಾಗೆ ಹೋದ ಹುಡುಗರಲ್ಲಿ ಒಬ್ಬರು ದಕ್ಷಿಣ ಕನ್ನಡದ ಬಾಬುಕೋಡಿಯ ಬಿ. ವಿ. ಕಾರಂತರು. ಬಾಲ್ಯದಲ್ಲಿಯೇ ಗುಬ್ಬಿ ಕಂಪೆನಿಯನ್ನು ಸೇರಿದ ಅವರನ್ನು ವೀರಣ್ಣನವರು ಓದುವುದಕ್ಕೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಅವರು ಹಿಂದಿಯಲ್ಲಿ ಎಂ.ಎ. ಮಾಡಿ, ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಿಕ್ಷಣ ಪಡೆದು, 1977ರಿಂದ 1981ರವರೆಗೆ ಅದೇ ಶಾಲೆಯ ನಿರ್ದೇಶಕರಾದರು. ಕಂಪೆನಿಯ ಯಜಮಾನರೊಬ್ಬರು ತಮ್ಮಲ್ಲಿದ್ದ ಹುಡುಗನ ವಿದ್ಯೆಗಾಗಿ ಅವನನ್ನು ಬಿಟ್ಟುಕೊಟ್ಟ ಈ ಸಂಗತಿಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಹೇಳುವುದು ಬೇರೆ, ನಡೆಯುವುದು ಬೇರೆ ಎಂಬುದಕ್ಕೆ ನಮ್ಮ ಬಾಳಿನಲ್ಲಿಯೇ ಒಂದು ನಿದರ್ಶನವಿದೆ. ಅದನ್ನು ಮುಚ್ಚಿಟ್ಟು ಈ ಲೇಖನವನ್ನು ಮುಂದುವರಿಸುವುದು ಸತ್ಯಕ್ಕೆ ದ್ರೋಹವಾದೀತು.

1996ನೆಯ ಇಸವಿ. ಪಿ.ಯು.ಸಿ. ಮುಗಿಸಿದ ನಮ್ಮ ಹಳೆಯ ಶಿಷ್ಯನೊಬ್ಬನು ಹೆಗ್ಗೋಡಿನ ರಂಗಶಾಲೆಯ ಅರ್ಜಿಯ ಹಾಳೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದನು. ಆ ಹುಡುಗನ ಕಂಠವು ಅಪೂರ್ವವಾದುದು. ಶಾಲೆಯ ಪ್ರಾರ್ಥನೆಯಲ್ಲಿ ಅವನು ದನಿಯೆತ್ತಿದರೆ ರಸ್ತೆಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಅರ್ಜಿಯನ್ನು ತುಂಬಿಕೊಡಬೇಕು, ಅವನ ತಂದೆಗೆ ಒಂದು ಮಾತು ಹೇಳಬೇಕು ಎಂಬುದಷ್ಟೇ ಅವನ ಬೇಡಿಕೆ. ನಾವು ಅವನನ್ನು ಕೂರಿಸಿಕೊಂಡು ಒಂದು ಗಂಟೆಯ ಹೊತ್ತು ಉಪದೇಶ ಮಾಡಿದೆವು. ಮೊದಲು ಹೊಟ್ಟೆಯ ದಾರಿ, ಆಮೇಲೆ ಕಲೆ, ಟಿ.ಸಿ.ಎಚ್. ಮಾಡು, ನೌಕರಿಯಾಗಲಿ, ಭಾನುವಾರ ಬೇಕಾದಷ್ಟು ಹಾಡು, ಎಂದೆವು. ಅರ್ಜಿಯನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟು ಹೋದನು. ಟಿ.ಸಿ.ಎಚ್. ಸೀಟು ಅವನಿಗೆ ದೊರೆಯಲಿಲ್ಲ. ತಂದೆ ತೀರಿಕೊಂಡ ಮೇಲೆ ಪಕ್ಕದ ಹಳ್ಳಿಯಲ್ಲಿ ಒಂದು ದಿನಸಿ ಅಂಗಡಿಯನ್ನಿಟ್ಟುಕೊಂಡನು. ಅವನ ತಂದೆಗೆ ನಾವು ಆ ಒಂದು ಮಾತನ್ನು ಹೇಳಲೇ ಇಲ್ಲ.

ಮಗಳು ಬಾಗಿಲಿಗೆ ಒರಗಿ ನಿಂತಿದ್ದಾಗ ನಮ್ಮ ಕಣ್ಣೆದುರಿಗೆ ಬಂದದ್ದು ಮೇಜಿನ ಮೇಲೆ ಉಳಿದ ಆ ಹಾಳೆ. ಆದಕಾರಣ ಆ ರಾತ್ರಿ ನಾವು ಉಪದೇಶ ಮಾಡಲಿಲ್ಲ. "ಯಾವ ರಂಗಶಾಲೆ? ವಿಚಾರಿಸೋಣ" ಎಂದಷ್ಟೇ ಹೇಳಿದೆವು. ಒಳಗಿನಿಂದ ಪಾತ್ರೆಯ ಸದ್ದು ಸ್ವಲ್ಪ ಜೋರಾಗಿ ಕೇಳಿಸಿತು.

ಮೇಷ್ಟರ ಬುದ್ಧಿ ಎಲ್ಲಿಗೆ ಹೋದೀತು! ಮರುದಿನವೇ ಒಂದು ಹಳೆಯ ಹಾಜರಿಪುಸ್ತಕವನ್ನು ತೆಗೆದು, ಗೆರೆಯೆಳೆದು, ಶಾಲೆಯ ಹೆಸರು, ಅವಧಿ, ಭಾಷೆ, ಪ್ರವೇಶದ ನಿಯಮ, ವಸತಿ, ಮುಂದಿನ ದಾರಿ ಎಂದು ಆರು ಕಲಮುಗಳನ್ನು ಮಾಡಿದೆವು. ಮಗಳು ಮೊಬೈಲಿನಲ್ಲಿ ಹುಡುಕಿ ಓದುವಳು, ನಾವು ಬರೆದುಕೊಳ್ಳುವೆವು. ಹೀಗೆ ವಿಚಾರಿಸಿ ತಿಳಿದುದನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸುತ್ತೇವೆ.

ಮೊದಲನೆಯದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಇದು 1959ರಲ್ಲಿ ಸ್ಥಾಪಿತವಾದುದು. ವ್ಯಾಸಂಗ ಮೂರು ವರ್ಷ. ಆರಿಸಿಕೊಂಡ ವಿದ್ಯಾರ್ಥಿಗಳಿಗೆ ವೇತನವೂ ಉಂಟು. ಆದರೆ ಬಾಗಿಲು ಕಿರಿದು. ಪದವಿಯಾಗಿರಬೇಕು, ಆರು ನಾಟಕಗಳಲ್ಲಾದರೂ ಕೆಲಸ ಮಾಡಿರಬೇಕು, ಹಿಂದಿ ಇಂಗ್ಲಿಷುಗಳ ಬಳಕೆ ಇರಬೇಕು. ಹಲವು ನಗರಗಳಲ್ಲಿ ಮೊದಲ ಪರೀಕ್ಷೆ ನಡೆಸಿ, ಅದರಲ್ಲಿ ತೇರ್ಗಡೆಯಾದವರನ್ನು ದೆಹಲಿಗೆ ಕರೆಸಿ ಕೆಲವು ದಿನ ಶಿಬಿರದಲ್ಲಿಟ್ಟುಕೊಂಡು ನೋಡುವರು. ಕಾಲೇಜಿನಲ್ಲಿ ಎರಡೇ ನಾಟಕಗಳಲ್ಲಿ ಪಾತ್ರ ವಹಿಸಿದ್ದ ನಮ್ಮ ಮಗಳಿಗೆ ಈ ಬಾಗಿಲು ಸದ್ಯಕ್ಕೆ ಮುಚ್ಚಿದಂತೆಯೇ ಆಯಿತು. ಅದೇ ಶಾಲೆಯ ಕೇಂದ್ರವೊಂದು ಬೆಂಗಳೂರಿನಲ್ಲಿದ್ದು, ಅಲ್ಲಿ ಒಂದು ವರ್ಷದ ಶಿಕ್ಷಣ ದೊರೆಯುತ್ತದೆ; ದಕ್ಷಿಣದ ಬೇರೆ ಭಾಷೆಗಳ ಮಕ್ಕಳೊಡನೆ ಕಲಿಯುವ ಲಾಭವೂ ಅಲ್ಲಿದೆ.

ಎರಡನೆಯದು ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್. ನೀಲಕಂಠೇಶ್ವರ ನಾಟ್ಯ ಸೇವಾ ಸಂಘವೆಂಬ ಹೆಸರಿನಿಂದ 1949ರಲ್ಲಿ ಹಳ್ಳಿಯವರ ಹವ್ಯಾಸಕ್ಕಾಗಿ ಹುಟ್ಟಿದ ಈ ಸಂಸ್ಥೆಗೆ ಕೆ. ವಿ. ಸುಬ್ಬಣ್ಣನವರು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಸೇರಿಸಿದರು. ಅಡಕೆ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿ, ಕನ್ನಡದಲ್ಲಿಯೇ, ಜಗತ್ತಿನ ನಾಟಕವನ್ನೆಲ್ಲಾ ಕಲಿಸಬಹುದೆಂದು ತೋರಿಸಿಕೊಟ್ಟವರು ಅವರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಶಿಕ್ಷಣವು ಒಂದು ವರ್ಷದ್ದು, ವಿದ್ಯಾರ್ಥಿಗಳು ಅಲ್ಲಿಯೇ ವಾಸಿಸುವರು. 1985ರಿಂದ ನಡೆಯುತ್ತಿರುವ ತಿರುಗಾಟವೆಂಬ ಸಂಚಾರಿ ತಂಡದಲ್ಲಿ ಕಲಿತವರಿಗೆ ಕೆಲಸದ ಅವಕಾಶವೂ ಇದೆ. ನಮ್ಮ ಕಡೆಯವರಿಗೆ ದಾರಿಯೂ ಸುಲಭ; ಅರಸೀಕೆರೆಯಲ್ಲಿ ತಾಳಗುಪ್ಪದ ರೈಲು ಹತ್ತಿದರೆ ಸಾಗರದಲ್ಲಿ ಇಳಿಯಬಹುದು.

ಮೂರನೆಯದು ಮೈಸೂರಿನ ರಂಗಾಯಣ. 1989ರಲ್ಲಿ ಸರ್ಕಾರವು ಸ್ಥಾಪಿಸಿದ ಈ ಸಂಸ್ಥೆಯ ಮೊದಲ ನಿರ್ದೇಶಕರು ಬಿ. ವಿ. ಕಾರಂತರೇ. ಅಲ್ಲಿನ ಭಾರತೀಯ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಶಿಕ್ಷಣವಿದೆ. ನುರಿತ ಕಲಾವಿದರ ತಂಡವು ಪಕ್ಕದಲ್ಲಿಯೇ ನಾಟಕವಾಡುತ್ತಿರುವುದರಿಂದ ನೋಡಿ ಕಲಿಯುವುದಕ್ಕೆ ಬೇಕಾದಷ್ಟಿದೆ. ನಾಲ್ಕನೆಯದು ಅರಸೀಕೆರೆಗೆ ಬಡಗಲಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಮಠದ ಆಶ್ರಯದಲ್ಲಿ ನಾಟಕವನ್ನು ಬೆಳೆಸಿ, 1997ರಿಂದ ಶಿವಸಂಚಾರವೆಂಬ ತಂಡವನ್ನು ಊರೂರಿಗೆ ಕಳುಹಿಸುತ್ತಿದ್ದಾರೆ. ಅಲ್ಲಿಯೂ ಒಂದು ರಂಗಶಾಲೆಯಿದೆ. ಇವಲ್ಲದೆ ಪದವಿಯೇ ಬೇಕೆನ್ನುವವರಿಗೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ.

ಇದೇ ಸಮಯಕ್ಕೆ ಅಮೆರಿಕೆಯಲ್ಲಿರುವ ನಮ್ಮ ಷಡ್ಡಕನ ಮೊಮ್ಮಗಳೂ ಇಂತಹುದೇ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆಂದು ತಿಳಿಯಿತು. ಅಲ್ಲಿ ಸಂಗೀತ ನಾಟಕವೆಂಬುದೇ ಒಂದು ಪದವಿಯ ವಿಷಯ. ಮಿಷಿಗನ್ ಮೊದಲಾದ ವಿಶ್ವವಿದ್ಯಾಲಯಗಳು ಅದಕ್ಕೆ ಹೆಸರಾಗಿವೆ. ಮಕ್ಕಳು ಮೊದಲು ಹಾಡನ್ನೂ ಮಾತನ್ನೂ ಚಿತ್ರೀಕರಿಸಿ ಕಳುಹಿಸಬೇಕು. ಮೆಚ್ಚಿಗೆಯಾದರೆ ಎದುರಿಗೆ ಕರೆಸಿ ಹಾಡಿಸುವರು, ಮಾತಾಡಿಸುವರು, ಒಟ್ಟಾಗಿ ನಿಲ್ಲಿಸಿ ಕುಣಿಸುವರು. ಆ ಹುಡುಗಿ ಹನ್ನೆರಡು ಕಡೆಗಳಿಗೆ ಅರ್ಜಿ ಹಾಕಿದ್ದಳಂತೆ. ಹಾಡಿಗೆ ಅಲ್ಲಿ ಕೊಡುವ ಕಾಲ ಒಂದು ನಿಮಿಷಕ್ಕಿಂತ ಹೆಚ್ಚಿಲ್ಲವೆಂದು ಕೇಳಿ ನಮಗೆ ಆಶ್ಚರ್ಯವಾಯಿತು. ಅಷ್ಟರಲ್ಲಿ ಏನು ತಿಳಿದೀತು ಎಂದುಕೊಂಡೆವು. ಆ ಪ್ರಶ್ನೆಗೆ ಉತ್ತರವು ನಮಗೆ ಆಮೇಲೆ ದೊರೆಯಿತು.

ಕೋಷ್ಟಕವು ಪೂರ್ತಿಯಾದ ಮೇಲೆ ಯಾವುದು ಉತ್ತಮ, ಯಾವುದು ಮಧ್ಯಮ ಎಂದು ಅಂಕ ಹಾಕುವುದಕ್ಕೆ ಹೊರಟೆವು. ಮಗಳು ನಕ್ಕುಬಿಟ್ಟಳು. "ಅಪ್ಪ, ಇವು ನಿಮ್ಮ ಹತ್ತನೆಯ ತರಗತಿಯ ಹುಡುಗರಲ್ಲ" ಎಂದಳು. ಆಕೆಯ ಮಾತು ಯಥಾರ್ಥವಾಗಿತ್ತು. ಒಂದು ಕಡೆ ಅನುಭವಿಗಳಿಗೆ ಸಾಣೆ ಹಿಡಿಯುವರು, ಒಂದು ಕಡೆ ಏನೂ ತಿಳಿಯದವರನ್ನು ಮೊದಲಿನಿಂದ ತಿದ್ದುವರು. ಒಂದು ಕಡೆ ನಗರದ ಪ್ರೇಕ್ಷಕರು, ಮತ್ತೊಂದು ಕಡೆ ಊರೂರು ತಿರುಗುವ ಅಭ್ಯಾಸ. ಮಗುವಿಗೆ ಯಾವುದರ ಕೊರತೆಯಿದೆಯೋ ಅದನ್ನು ತುಂಬುವ ಶಾಲೆಯೇ ಆ ಮಗುವಿಗೆ ಉತ್ತಮವಾದುದು. ನಮ್ಮ ಮಗಳಿಗೆ ಕನ್ನಡದಲ್ಲಿ, ಮೂಲದಿಂದ, ಒಂದು ವರ್ಷ ಬಿಡುವಿಲ್ಲದೆ ದುಡಿಸುವ ಶಾಲೆಯೇ ಬೇಕೆಂದು ನಿಶ್ಚಯಿಸಿ, ಎರಡು ಕಡೆಗಳಿಗೆ ಅರ್ಜಿ ಹಾಕಿಸಿದೆವು. ಯಾವ ಎರಡು ಎಂದು ಹೇಳುವುದಿಲ್ಲ. ಮುಂದೆ ಬರುವ ವೃತ್ತಾಂತದಲ್ಲಿ ಯಾರಿಗೂ ಸ್ತುತಿನಿಂದೆಗಳು ತಗಲಬಾರದು.

ಇನ್ನು ಸಿದ್ಧತೆಯ ವಿಚಾರ. ಒಂದು ಹಳೆಯ ನಾಟಕದ ಭಾಗ, ಒಂದು ಹೊಸ ನಾಟಕದ ಭಾಗ, ಒಂದು ಹಾಡು, ಇಷ್ಟನ್ನು ಸಿದ್ಧಪಡಿಸಿಕೊಳ್ಳುವುದೆಂದಾಯಿತು. ಹೊಸದಕ್ಕೆ ಗಿರೀಶ ಕಾರ್ನಾಡರ ಹಯವದನದ ಪದ್ಮಿನಿಯನ್ನು ಆಕೆಯೇ ಆರಿಸಿಕೊಂಡಳು. ಹಳೆಯದಕ್ಕೆ ನಾವು ಶಾಕುಂತಲದ ಐದನೆಯ ಅಂಕವನ್ನು ಸೂಚಿಸಿದೆವು. ತುಂಬಿದ ಆಸ್ಥಾನದಲ್ಲಿ ದುಷ್ಯಂತನು ನೀನು ಯಾರೋ ಅರಿಯೆನೆಂದಾಗ ಶಕುಂತಲೆ ಸಿಡಿದೇಳುವ ಸಂದರ್ಭ. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಆ ಅಂಕವನ್ನು ನಾವು ಗುರುಮುಖದಿಂದ ಪಾಠ ಕೇಳಿದವರು. ನಮಗೆ ಉತ್ಸಾಹ ಉಕ್ಕಿತು. ಮೂಲವನ್ನು ಅನುಸರಿಸಿ ಆ ಭಾಗವನ್ನು ನಾವೇ ಕನ್ನಡಿಸಿದೆವು. ಪ್ರತಿದಿನ ಬೆಳಗಿನ ಜಾವ ಐದು ಗಂಟೆಗೆ ಮಗಳನ್ನು ಎಬ್ಬಿಸಿ ಪಾಠ. ಮಹಾಪ್ರಾಣಗಳು ಸ್ಫುಟವಾಗಬೇಕು, ಶಕಾರ ಷಕಾರಗಳ ಭೇದ ಕೇಳಿಸಬೇಕು, ಸಮಸ್ತಪದವನ್ನು ಮಧ್ಯದಲ್ಲಿ ಮುರಿಯಬಾರದು, ವಾಕ್ಯದ ಕೊನೆಯಲ್ಲಿ ಉಸಿರು ಸೋರಬಾರದು. ಹಾಡನ್ನು ನಮ್ಮ ಬಾಲ್ಯದಲ್ಲಿ ಕೇಳಿದ ನಾಟಕದ ಮಟ್ಟಿನಲ್ಲಿಯೇ, ಅದೇ ಏರುದನಿಯಲ್ಲಿಯೇ ಹಾಡಿಸಿದೆವು. ಎರಡು ತಿಂಗಳಾಗುವಷ್ಟರಲ್ಲಿ ಒಂದು ಅಕ್ಷರವೂ ತಪ್ಪದಂತಾಯಿತು. ಭರತಮುನಿಯು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಅಭಿನಯವನ್ನು ನಾಲ್ಕು ಬಗೆಯಾಗಿ ಹೇಳಿದ್ದಾನೆ. ನಾವು ವಾಚಿಕವೊಂದನ್ನೇ ಹಿಡಿದು ಮಿಕ್ಕ ಮೂರನ್ನು ಮರೆತಿದ್ದೇವೆಂಬುದು ಆಗ ಹೊಳೆಯಲಿಲ್ಲ.

ಮೊದಲ ಪರೀಕ್ಷೆಯ ದಿನ ಬಂದಿತು. ನಾವು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಒಳಗಿನಿಂದ ಮಗಳ ಧ್ವನಿ ಕೇಳಿಸುತ್ತಿತ್ತು. ಒಂದು ತಪ್ಪೂ ಇಲ್ಲ. ನಮಗೆ ರೋಮಾಂಚವಾಯಿತು. ಆಮೇಲೆ ಪರೀಕ್ಷಕರಲ್ಲಿ ಒಬ್ಬ ಮಹಿಳೆಯ ಮಾತು ಕೇಳಿಸಿತು:

"ಚೆನ್ನಾಗಿದೆಯಮ್ಮ. ಈಗ ಇದೇ ಮಾತನ್ನು ಇನ್ನೊಂದು ರೀತಿ ಹೇಳಿ ನೋಡೋಣ. ನಿಮ್ಮ ಊರಿನ ಸಂತೆಯಲ್ಲಿ ಒಬ್ಬ ನಿಮ್ಮಿಂದ ದುಡ್ಡು ತೆಗೆದುಕೊಂಡು, ತೆಗೆದುಕೊಂಡೇ ಇಲ್ಲ ಅನ್ನುತ್ತಿದ್ದಾನೆ. ಸುತ್ತ ಜನ ಸೇರಿದ್ದಾರೆ. ಅವನಿಗೆ ಹೇಳಿ."

ಸ್ವಲ್ಪ ಹೊತ್ತು ನಿಶ್ಶಬ್ದ. ಬಳಿಕ ಮಗಳು ಮೊದಲಿನಂತೆಯೇ, ಅದೇ ಏರಿಳಿತದಲ್ಲಿ, ಅದೇ ಉಚ್ಚಾರದಲ್ಲಿ ಹೇಳಿದಳು. ಮತ್ತೊಮ್ಮೆ ಕೇಳಿದರು, ಮತ್ತೆ ಹಾಗೆಯೇ. ಹಾಡನ್ನು ನಡೆಯುತ್ತ, ಏನಾದರೂ ಕೆಲಸ ಮಾಡುತ್ತ ಹಾಡಲು ಹೇಳಿದರು. ದನಿ ಮೇಲಿನ ಸ್ವರದಲ್ಲಿ ಸೀಳಿತು. "ಸಾಕಮ್ಮ" ಎಂದರು. ಆಯ್ಕೆಯಾದವರ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ.

ಬಸ್ಸು ಹಾಸನವನ್ನು ದಾಟಿ ಬೇಲೂರಿನ ದಾರಿ ಹಿಡಿಯುವವರೆಗೆ ಮಗಳು ಮಾತಾಡಲಿಲ್ಲ. ಆಮೇಲೆ ಕಿಟಕಿಯ ಕಡೆಗೆ ಮುಖವಿಟ್ಟುಕೊಂಡೇ ಹೇಳಿದಳು:

"ಅವರು ಕೇಳಿದ್ದು ನನಗೆ ಅರ್ಥವಾಯಿತು ಅಪ್ಪ. ಮಾಡಬೇಕೆಂದೂ ಇತ್ತು. ಆದರೆ ಬಾಯಿ ತೆರೆದರೆ ನಿಮ್ಮ ಧ್ವನಿಯೇ ಬರುತ್ತಿತ್ತು."

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಎರಡನೆಯ ಪರೀಕ್ಷೆಗೆ ಮೂರು ವಾರಗಳಿದ್ದುವು. ಇನ್ನು ನಮ್ಮಿಂದ ಪ್ರಯೋಜನವಿಲ್ಲವೆಂಬುದು ಸ್ಪಷ್ಟವಾಗಿತ್ತು. ನಮ್ಮ ಮನೆಯವರೇ ಒಂದು ಸಂಜೆ ಹೇಳಿದರು: "ನಿಮ್ಮ ಆ ಹಳೆಯ ಶಿಷ್ಯ ಈಗ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ನಾಟಕ ಕಲಿಸುತ್ತಾನಲ್ಲ, ಅವನ ಹತ್ತಿರ ಯಾಕೆ ಕರೆದುಕೊಂಡು ಹೋಗಬಾರದು?" ಯಾಕೆ ಕರೆದುಕೊಂಡು ಹೋಗಬಾರದೆಂಬುದು ನಮ್ಮೊಬ್ಬರಿಗೇ ಗೊತ್ತಿತ್ತು. ಮೂರು ದಿನ ಹಿಂದುಮುಂದು ನೋಡಿ, ನಾಲ್ಕನೆಯ ದಿನ ಮಗಳೊಡನೆ ಅವನ ಅಂಗಡಿಗೆ ಹೋದೆವು.

ಹಗಲು ಅಂಗಡಿ, ರಾತ್ರಿ ತಾಲೀಮು, ಇದು ಅವನ ದಿನಚರಿ. ಅಕ್ಕಿಮೂಟೆಗಳ ಹಿಂದೆ ಕಾಲಿನಿಂದ ಒತ್ತುವ ಹಳೆಯ ಹಾರ್ಮೋನಿಯಂ. ಈಗ ಹದಿನಾಲ್ಕು ಹಳ್ಳಿಗಳಿಗೆ ಅವನೇ ನಾಟಕದ ಮೇಷ್ಟ್ರು. ನಮ್ಮನ್ನು ಕಂಡೊಡನೆ ಎದ್ದು, ಕೈಯ ಹಿಟ್ಟನ್ನು ಒರಸಿಕೊಂಡು ನಮಸ್ಕಾರ ಮಾಡಿ ಸ್ಟೂಲು ಹಾಕಿದನು. ಮಗಳು ಶಾಕುಂತಲದ ಭಾಗವನ್ನು ಒಪ್ಪಿಸಿದಳು. ಅವನು ತಲೆ ತಗ್ಗಿಸಿಕೊಂಡು ಪೂರ್ತಿಯಾಗಿ ಕೇಳಿ, ಆಮೇಲೆ ಬಹಳ ಸಂಕೋಚದಿಂದ ಹೇಳಿದನು:

"ಕೋಪ ಮಾಡ್ಕೋಬೇಡಿ ಮೇಷ್ಟ್ರೇ. ಮಗು ಪಾಠ ಚೆನ್ನಾಗಿ ಒಪ್ಪಿಸ್ತಾ ಐತೆ. ಆದ್ರೆ ಶಕುಂತಲೆ ನಿಮ್ಮ ಥರ ಮಾತಾಡ್ತಿದ್ಲಾ?"

ವಾಚಕರೇ, ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿತ್ತು. ನಲವತ್ತು ವರ್ಷಗಳಿಂದಲೂ ಇತ್ತು. ಕಾಳಿದಾಸನ ಮೂಲದಲ್ಲಿ ಶಕುಂತಲೆ ಸಂಸ್ಕೃತದಲ್ಲಿ ಮಾತಾಡುವುದೇ ಇಲ್ಲ. ರಾಜನದು ಸಂಸ್ಕೃತ, ಋಷಿಗಳದು ಸಂಸ್ಕೃತ. ಶಕುಂತಲೆಯೂ ಅವಳ ಸಖಿಯರೂ ಆಡುವುದು ಪ್ರಾಕೃತ, ಎಂದರೆ ಮನೆಮಾತು. ಆಸ್ಥಾನದಲ್ಲಿ ರಾಜನನ್ನು ಅನಾರ್ಯನೆಂದು ಜರೆಯುವಾಗಲೂ ಅವಳ ಬಾಯಲ್ಲಿ ಬರುವುದು ಪ್ರಾಕೃತವೇ. ಪರೀಕ್ಷೆಯಲ್ಲಿ ಇದನ್ನು ಎರಡು ಅಂಕದ ಪ್ರಶ್ನೆಯಾಗಿ ಎಷ್ಟೋ ಸಲ ಕೇಳಿದ್ದೆವು. ಆದರೆ ಅದರ ಅರ್ಥವೇನೆಂದು ಒಂದು ದಿನವೂ ಯೋಚಿಸಿರಲಿಲ್ಲ. ಮಹಾಕವಿಯು ಆ ಹೆಣ್ಣಿಗೆ ಅವಳ ಮನೆಮಾತನ್ನು ಕೊಟ್ಟಿದ್ದನು. ನಾವು ಅದನ್ನು ಕಿತ್ತುಕೊಂಡು ಅವಳ ಬಾಯಲ್ಲಿ ಪಂಡಿತರ ಮಾತನ್ನು ತುರುಕಿದ್ದೆವು.

"ಇಲ್ಲಪ್ಪ, ನಮ್ಮ ಥರ ಮಾತಾಡುತ್ತಿರಲಿಲ್ಲ" ಎಂದೆವು.

ಅಂದಿನಿಂದ ಪಾಠವು ಅಂಗಡಿಯ ಹಿಂದಿನ ಅಂಗಳದಲ್ಲಿ ನಡೆಯಿತು. ನಾವು ಅಂಗಡಿಯಲ್ಲಿ ಕುಳಿತು ಗಿರಾಕಿಗಳಿಗೆ ಬೆಲ್ಲ ಬೇಳೆ ತೂಗಿಕೊಡುತ್ತಿದ್ದೆವು. ಅವನು ಮೊದಲು ಹಾಡಿನ ಶ್ರುತಿಯನ್ನು ಆರು ಮನೆಯಿಂದ ಐದಕ್ಕೆ ಇಳಿಸಿದನು. ಹಿಂದಿನ ಕಂಪೆನಿಗಳ ಕಾಲದಲ್ಲಿ ಮೈಕಿರಲಿಲ್ಲ, ಕೊನೆಯ ಸಾಲಿನವನಿಗೂ ಕೇಳಿಸಲೆಂದು ನಟರು ಅಷ್ಟು ಮೇಲೆ ಹಾಡುತ್ತಿದ್ದರು. ಈ ಮಗುವಿಗೆ ಆ ಕಷ್ಟವೇಕೆ ಎಂದನು. ಆಮೇಲೆ ಹಾರ್ಮೋನಿಯಮ್ಮನ್ನೇ ಮುಚ್ಚಿಬಿಟ್ಟನು. ಬಿಂದಿಗೆಯಲ್ಲಿ ನೀರು ಹೊತ್ತು ಅಂಗಳವನ್ನು ಸುತ್ತುತ್ತ ಹಾಡಬೇಕು. ಅಕ್ಕಿ ಕೇರುತ್ತ ಹಾಡಬೇಕು. ಅಳುವ ಕೂಸನ್ನು ಎತ್ತಿಕೊಂಡು ಹಾಡಬೇಕು. ಶಕುಂತಲೆಯ ಮಾತನ್ನು ಒಂದು ದಿನ ಪಿಸುದನಿಯಲ್ಲಿ, ಒಂದು ದಿನ ನಗುತ್ತ, ಒಂದು ದಿನ ನಮ್ಮ ಊರಿನ ಆಡುಮಾತಿನಲ್ಲಿ ಹೇಳಬೇಕು. ಏನು ಹೇಳಿದರೂ ಕೂಡಲೇ ಬದಲಾಯಿಸಿಕೊಳ್ಳುವುದು ಅವಳಿಗೆ ಬರಬೇಕೆಂಬುದು ಅವನ ಗುರಿ. ಅಮೆರಿಕೆಯವರು ಒಂದು ನಿಮಿಷದಲ್ಲಿ ಏನು ನೋಡುವರೆಂಬ ನಮ್ಮ ಪ್ರಶ್ನೆಗೆ ಉತ್ತರ ದೊರೆತದ್ದು ಇಲ್ಲಿ. ಕಲಿಸಿದರೆ ಈ ಮಗು ಕಲಿಯುವುದೇ ಎಂಬುದನ್ನು ತಿಳಿಯಲು ಒಂದು ನಿಮಿಷ ಸಾಕು.

ಒಂದು ಸಂಜೆ ಮಗಳು ಕೈಕಾಲು ತೊಳೆಯಲು ಹೋಗಿದ್ದಾಗ ನಾವು ಅವನಿಗೆ ಹೇಳಿದೆವು: "ಅಂದು ನೀನು ಅರ್ಜಿ ತಂದ ದಿನ ನಾವು ತಪ್ಪು ಮಾಡಿದೆವು."

ಅವನು ತಕ್ಕಡಿಯ ತಟ್ಟೆಯನ್ನು ಒರಸುತ್ತಿದ್ದವನು ತಲೆಯೆತ್ತಲಿಲ್ಲ. "ಬಿಡಿ ಮೇಷ್ಟ್ರೇ. ನಾನು ಆಗ ಹೋಗಿದ್ದಿದ್ರೆ ಈ ಹದಿನಾಲ್ಕು ಹಳ್ಳಿಗೆ ನಾಟಕ ಕಲಿಸೋರು ಯಾರಿರ್ತಿದ್ರು?" ಎಂದನು. ತಟ್ಟೆಯನ್ನು ಒರಸಿ ಮುಗಿಸಿ, ಅದನ್ನು ತಕ್ಕಡಿಗೆ ಸಿಕ್ಕಿಸಿ, ಸ್ವಲ್ಪ ಹೊತ್ತಿನ ಮೇಲೆ ಹೇಳಿದನು: "ಆದ್ರೂ ಹೋಗ್ಬೇಕಿತ್ತು."

ಈ ಎರಡು ಮಾತುಗಳೂ ನಿಜವೆಂದು ನಮಗೆ ತೋರುತ್ತದೆ. ಮೊದಲನೆಯದನ್ನು ಮಾತ್ರ ಆಡಿ ಅವನು ಸುಮ್ಮನಾಗಿದ್ದರೆ ನಮ್ಮ ಮನಸ್ಸು ಹಗುರವಾಗುತ್ತಿತ್ತು. ಹಗುರವಾಗಬೇಕಾದ ಮನಸ್ಸು ಅದಲ್ಲ.

ಎರಡನೆಯ ಪರೀಕ್ಷೆಗೆ ಹೊರಟ ದಿನ ಬೇಲೂರಿನಲ್ಲಿ ಬಸ್ಸಿಗೆ ಎರಡು ಗಂಟೆಯ ಅವಕಾಶವಿತ್ತು. ಚೆನ್ನಕೇಶವನ ದರ್ಶನ ಮಾಡಿ, ಮಗಳೂ ನಾವೂ ಮದನಿಕೆಗಳನ್ನು ನೋಡುತ್ತ ಗುಡಿಯನ್ನು ಸುತ್ತಿದೆವು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಈ ಗುಡಿಯಲ್ಲಿ ಕೆಲವು ವಿಗ್ರಹಗಳ ಕೆಳಗೆ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ತಂದೆಯ ಕೈಯಲ್ಲಿಯೇ ಮಗನು ಉಳಿ ಹಿಡಿಯುವುದನ್ನು ಕಲಿತಿರಬೇಕು. ಆದರೂ ಮಗನು ಕಡೆದ ಮದನಿಕೆಯ ಕೆಳಗೆ ಮಗನ ಹೆಸರೇ ಇದೆ. 35 ವರ್ಷ ಈ ಗುಡಿಗೆ ಶಾಲೆಯ ಮಕ್ಕಳನ್ನು ಕರೆತಂದು ಇದನ್ನು ಓದಿ ಹೇಳಿದವರು ನಾವು; ಆ ದಿನ ಅದನ್ನು ನಮಗಾಗಿ ಓದಿಕೊಂಡೆವು.

ಈ ಸಲ ನಾವು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಲಿಲ್ಲ. ದೂರದ ಮರದ ಕೆಳಗೆ ನಿಂತಿದ್ದೆವು. ಒಳಗೆ ಏನು ನಡೆಯಿತೆಂದು ನಮಗೆ ತಿಳಿಯದು. ಹೊರಗೆ ಬಂದ ಮಗಳನ್ನು ಕೇಳಲೂ ಇಲ್ಲ. "ಮೂರು ರೀತಿ ಹೇಳಿಸಿದರು. ಮೂರೂ ಬಂತು" ಎಂದು ಆಕೆಯೇ ಹೇಳಿದಳು. ಹತ್ತು ದಿನಗಳ ಮೇಲೆ ಆಯ್ಕೆಯಾದ ಸಮಾಚಾರ ಬಂದಿತು. ನಮ್ಮ ಮನೆಯವರು ಈ ಸಲ ನಿಜವಾಗಿಯೂ ಒಲೆಯ ಮೇಲೆ ಹಾಲಿಟ್ಟು ಪಾಯಸ ಮಾಡಿದರು.

ಇಂತಹ ಮಕ್ಕಳುಳ್ಳ ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಇಷ್ಟು. ಶಾಲೆಯ ಹೆಸರನ್ನು ನೋಡಿ ಮರುಳಾಗದೆ, ಮಗುವಿಗೆ ಬೇಕಾದುದು ಅಲ್ಲಿದೆಯೇ ಎಂದು ನೋಡಿ. ಸಾಧ್ಯವಾದರೆ ಆ ಶಾಲೆಯ ವಿದ್ಯಾರ್ಥಿಗಳು ಆಡುವ ನಾಟಕವನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಯಾವ ಕೋಷ್ಟಕವೂ ಅಷ್ಟನ್ನು ಹೇಳಲಾರದು. ಕಲಿತ ಮೇಲೆ ಹೊಟ್ಟೆಯ ದಾರಿ ಏನೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸಂಚಾರಿ ತಂಡಗಳಿವೆ, ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಕೆಲಸವಿದೆ, ಸಿನಿಮಾ ಧಾರಾವಾಹಿಗಳಿವೆ. ಆದರೆ ಯಾವುದೂ ತಿಂಗಳ ಮೊದಲನೆಯ ತಾರೀಖಿನ ಸಂಬಳದಷ್ಟು ನಿಶ್ಚಿತವಲ್ಲವೆಂಬುದನ್ನು ಮಗುವಿಗೆ ಮುಚ್ಚಿಡದೆ ಹೇಳಿ. ಹೇಳಿದ ಮೇಲೆ ಅರ್ಜಿಗೆ ಸಹಿ ಮಾಡಿ. ಸಿದ್ಧತೆಗೆ ನೆರವಾಗಿರಿ, ಆದರೆ ನಿಮ್ಮ ಧ್ವನಿಯನ್ನು ಮಗುವಿನ ಕಂಠದಲ್ಲಿ ಇಡಬೇಡಿರಿ.

ಮಗಳು ಭಾನುವಾರಗಳಂದು ದೂರವಾಣಿಯಲ್ಲಿ ಮಾತಾಡುವಳು. ತಾಯಿ ಊಟದ ವಿಚಾರ ಕೇಳುವರು, ನಾವು ಪಾಠದ ವಿಚಾರ ಕೇಳುವೆವು. ಮುಂದಿನ ತಿಂಗಳು ಅವಳ ತರಗತಿಯವರು ಒಂದು ನಾಟಕವಾಡುವರಂತೆ. ಅದರಲ್ಲಿ ಆಕೆಯದು ಸೊಪ್ಪು ಮಾರುವ ಮುದುಕಿಯ ಪಾತ್ರ, ಒಟ್ಟು ಮೂರೇ ಮಾತುಗಳು. ನಾವು ಹೋಗುವುದೆಂದು ನಿಶ್ಚಯವಾಗಿದೆ. ನಮ್ಮ ಶಿಷ್ಯನೂ ಎರಡು ದಿನ ಅಂಗಡಿ ಮುಚ್ಚಿ ಬರುವನು. ರಂಗಶಾಲೆಯೊಂದರ ಒಳಗನ್ನು ಅವನು ಕಾಣುವುದು ಇದೇ ಮೊದಲು. ಅವನ ಪ್ರಯಾಣದ ವೆಚ್ಚವನ್ನು ನಾವೇ ಕೊಡುವೆವೆಂದು ಹಟ ಹಿಡಿದು ಒಪ್ಪಿಸಿದ್ದೇವೆ. 1996ರ ಬಾಕಿಯಲ್ಲಿ ಅಷ್ಟಾದರೂ ಸಂದಾಯವಾಗಲಿ.